ಬಾಣಂತಿಯ ಮನಸ್ಸೂ ಕೂಸಿನ ನಗುವೂ

ಬೆಂಗಳೂರಿನಿಂದ ಬಂಗಾರಪೇಟೆಯ ಕಡೆಗೆ ಹೋಗುವ ರೈಲುಹಾದಿಯಲ್ಲಿ ಮಾಲೂರನ್ನು ದಾಟಿದ ಮೇಲೆ ಟೇಕಲ್ ಎಂಬ ಸಣ್ಣ ನಿಲ್ದಾಣವೊಂದಿದೆ. ಒಂದರ ಮೇಲೊಂದು ಹೇರಿಟ್ಟಂತೆ ನಿಂತಿರುವ ಬಂಡೆಗಳ ಗುಡ್ಡಗಳೂ ವರದರಾಜಸ್ವಾಮಿಯ ಹಳೆಯ ಗುಡಿಯೂ ಆ ಊರಿನ ಗುರುತುಗಳು. ಕೆಲವು ವರ್ಷಗಳ ಕೆಳಗೆ ನಮ್ಮ ಮನೆಯವರ ದೊಡ್ಡಮ್ಮನವರ ಮಗಳು ಚೊಚ್ಚಲ ಹೆರಿಗೆಗೆಂದು ಅಲ್ಲಿನ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿ ಮೂರು ತಿಂಗಳು ತುಂಬಿದ್ದ ಸಮಯದಲ್ಲಿ ನಾವಿಬ್ಬರೂ ನೋಡಿಕೊಂಡು ಬರಲು ಹೋದೆವು.

ದೊಡ್ಡಮ್ಮನವರು ಕೂಸನ್ನು ತಂದು ನಮ್ಮ ತೊಡೆಯ ಮೇಲೆ ಮಲಗಿಸಿದರು. "ನೋಡಿ ಅಳಿಯಂದಿರೇ, ಎಂಥ ಸಾಧು ಕೂಸು! ಅಳುವುದೇ ಇಲ್ಲ; ಇಟ್ಟ ಕಡೆ ಇರುತ್ತದೆ" ಎಂದು ಹೆಮ್ಮೆಪಟ್ಟರು. ನಾವೂ ಹೌದು ಹೌದೆಂದು ಹೊಗಳಿದೆವು. ಬಾಣಂತಿ ಒಳಕೋಣೆಯಲ್ಲಿ ಗೋಡೆಯ ಕಡೆಗೆ ಮುಖಮಾಡಿ ಕುಳಿತಿದ್ದಳು. "ಬನ್ನಿ ಭಾವ" ಎಂದು ಒಂದು ಮಾತನ್ನಾಡಿ ಸುಮ್ಮನಾದಳು. ದಣಿದಿರಬೇಕೆಂದು ಎಣಿಸಿ ನಾವು ಹಜಾರಕ್ಕೆ ಬಂದು ಕಾಫಿ ಕುಡಿದೆವು. ಟೊಮೇಟೊ ಬೆಲೆಯ ಮಾತು, ಹಾಲಿನ ಡೇರಿಯ ಮಾತು ನಡೆಯಿತು. ಹಿಂದಿರುಗುವಾಗ ರೈಲಿನಲ್ಲಿ ನಮ್ಮ ಮನೆಯವರು ಬಹಳ ಹೊತ್ತು ಕಿಟಕಿಯಿಂದ ಹೊರಗೆ ನೋಡುತ್ತಿದ್ದು, ಕೊನೆಗೆ, "ಆ ಕೂಸು ಒಂದು ಸಲವೂ ನಮ್ಮ ಮುಖ ನೋಡಲಿಲ್ಲ, ಗಮನಿಸಿದಿರಾ?" ಎಂದರು. ನಾವು ಗಮನಿಸಿರಲಿಲ್ಲ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ, ಅದೂ ಎರಡು ಮಕ್ಕಳ ತಂದೆಯಾದವರಿಗೆ, ಕಾಣದೆ ಹೋದದ್ದು ಅವರ ಕಣ್ಣಿಗೆ ಬಿದ್ದಿತ್ತು. ಆ ಒಂದು ಪ್ರಶ್ನೆಯಿಂದಲೇ ಈ ವಿಷಯವನ್ನು ಓದಿ ತಿಳಿಯುವ ಹಂಬಲ ನಮಗೆ ಹುಟ್ಟಿತು. ಓದಿದುದರಲ್ಲಿ ಕೆಲವಂಶವನ್ನು ಶ್ರೋತೃಗಳ ಮುಂದಿಡುವುದು ಈ ಹೊತ್ತಿನ ಉದ್ದೇಶ. ಮನಶ್ಶಾಸ್ತ್ರಕ್ಕೂ ಬಾನುಲಿಗೂ ನಮ್ಮ ನಾಡಿನಲ್ಲಿ ಹಳೆಯ ನಂಟುಂಟು; 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಗಳು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆದುದರಿಂದ ಇಂಥ ವಿಷಯ ಇಲ್ಲಿ ಪರಕೀಯವೇನೂ ಅಲ್ಲ.

ಮೂರು ತಿಂಗಳ ಕೂಸಿನಿಂದ ನಾವು ಏನನ್ನು ನಿರೀಕ್ಷಿಸಬಹುದು? ಹುಟ್ಟಿದ ಮೊದಲ ವಾರಗಳಲ್ಲಿ ಕೂಸು ನಿದ್ದೆಯಲ್ಲಿ ನಗುವುದನ್ನು ಎಲ್ಲರೂ ಕಂಡಿರುವರು. ದೇವರು ಆಡಿಸುತ್ತಾನೆಂದು ಹಿರಿಯರು ಹೇಳುವ ಆ ನಗು ಯಾರನ್ನೂ ಉದ್ದೇಶಿಸಿದ್ದಲ್ಲ. ಆರರಿಂದ ಎಂಟು ವಾರಗಳ ಸುಮಾರಿಗೆ ಬೇರೊಂದು ಬಗೆಯ ನಗು ಕಾಣಿಸಿಕೊಳ್ಳುತ್ತದೆ. ಎದುರಿಗೆ ಒಂದು ಮುಖ ಬಂದಾಗ, ಅದು ಮಾತನಾಡಿದಾಗ, ಕೂಸು ಆ ಮುಖವನ್ನೇ ದಿಟ್ಟಿಸಿ, ಕಾಲುಗಳನ್ನು ಬಡಿದು, ಬಾಯಗಲಿಸಿ ನಗುತ್ತದೆ. ಮನುಷ್ಯನು ಸಮಾಜಕ್ಕೆ ಕಾಲಿಡುವುದು ಆ ದಿನವೇ ಎಂದರೆ ತಪ್ಪಾಗಲಾರದು. ಮೂರು ತಿಂಗಳಾಗುವ ವೇಳೆಗೆ ಕೂಸು 'ಊಂ' ಎಂದು ದನಿತೆಗೆದು, ತಾಯಿ ಉತ್ತರ ಕೊಡುವವರೆಗೆ ಕಾದು, ಮತ್ತೆ 'ಊಂ' ಎನ್ನುತ್ತದೆ. ಮಾತು ಬರುವುದಕ್ಕೆ ಬಹಳ ಮೊದಲೇ ಮಾತಿನ ಸರದಿ ಬಂದಿರುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಕಾಲ್ವಿನ್ ಟ್ರೆವಾರ್ಥನ್ ಎಂಬ ವಿದ್ವಾಂಸರು ತಾಯಿಮಕ್ಕಳ ಈ ಸಂವಾದವನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಅದರಲ್ಲಿ ಹಾಡಿನಂಥ ಒಂದು ಲಯವಿರುವುದನ್ನು ತೋರಿಸಿಕೊಟ್ಟರು. ಜೋಗುಳ ಹಾಡುವ ನಮ್ಮ ಅಜ್ಜಿಯರಿಗೆ ಇದು ಹೊಸ ಸಂಗತಿಯೆನಿಸದು. ಏಳೆಂಟು ತಿಂಗಳಿಗೆ ಕೂಸು ತನ್ನವರಾರು ಪರರಾರು ಎಂದು ಬೇರ್ಪಡಿಸಿ ಹೊಸಬರ ಕೈಗೆ ಹೋಗಲು ಅಳುತ್ತದೆ. ವರ್ಷ ತುಂಬುವ ಸುಮಾರಿಗೆ ಬೆರಳು ಮಾಡಿ ಚಂದ್ರನನ್ನೋ ಕಾಗೆಯನ್ನೋ ತೋರಿಸಿ, ತಾನು ಕಂಡುದನ್ನು ನಾವೂ ಕಂಡೆವೇ ಎಂದು ತಿರುಗಿ ನಮ್ಮ ಮುಖವನ್ನು ನೋಡುತ್ತದೆ. ಆ ತಿರುಗಿ ನೋಡುವಿಕೆಯಿದೆಯಲ್ಲ, ಭಾಷೆಗೆ ಬುನಾದಿ ಅದೇ.

ಈ ಸಂವಾದದಲ್ಲಿ ದೊಡ್ಡವರ ಪಾಲು ಎಷ್ಟೆಂಬುದನ್ನು ಒಂದು ಪ್ರಯೋಗ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಮತ್ತು ಅವರ ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗವದು. ತಾಯಿ ಮೊದಲು ಕೂಸಿನ ಎದುರು ಕುಳಿತು ಎಂದಿನಂತೆ ಆಡಿಸುತ್ತಾಳೆ. ಆಮೇಲೆ ಕೆಲವು ನಿಮಿಷಗಳ ಕಾಲ ಎದುರಿನಲ್ಲೇ ಇದ್ದು, ಕೂಸನ್ನು ನೋಡುತ್ತಲೇ ಇದ್ದು, ಮುಖವನ್ನು ಮಾತ್ರ ಕಲ್ಲಿನಂತೆ ಮಾಡಿಕೊಳ್ಳುತ್ತಾಳೆ. ನಗುವುದಿಲ್ಲ, ಮಾತಿಲ್ಲ, ಹುಬ್ಬು ಕದಲಿಸುವುದಿಲ್ಲ. ಕೂಸು ಮೊದಲು ನಕ್ಕು ನೋಡುತ್ತದೆ. ಉತ್ತರ ಬಾರದಿರಲು ಮತ್ತೊಮ್ಮೆ ನಗುತ್ತದೆ, ಕೈ ಚಾಚುತ್ತದೆ, ದನಿಯೆತ್ತುತ್ತದೆ. ತನಗೆ ಬಲ್ಲ ಉಪಾಯಗಳನ್ನೆಲ್ಲ ಮಾಡಿ ಸೋತ ಮೇಲೆ ಮುಖ ತಿರುಗಿಸಿಕೊಂಡು ಮೈ ಮುದುಡಿಕೊಳ್ಳುತ್ತದೆ. ಪ್ರಯೋಗ ಇಷ್ಟೇ, ತಾಯಿ ಮತ್ತೆ ನಕ್ಕು ಕರೆದೊಡನೆ ಕೂಸು ಸ್ವಲ್ಪ ಮುನಿಸು ತೋರಿ ಸರಿಹೋಗುತ್ತದೆ. ಆದರೆ ನಾಲ್ಕು ನಿಮಿಷದ ಆಟವಾಗಿರದೆ ನಾಲ್ಕು ತಿಂಗಳ ಬಾಳೇ ಹೀಗಾದರೆ? ಟೇಕಲ್ಲಿನ ಆ 'ಸಾಧು' ಕೂಸನ್ನು ನೆನೆದು ನಮ್ಮ ಎದೆ ಹಿಡಿದುಕೊಂಡದ್ದು ಈ ಪ್ರಯೋಗದ ವಿವರವನ್ನು ಓದಿದಾಗ.

ಇಲ್ಲಿ ಒಂದು ಮಾತನ್ನು ಅವಸರದಿಂದಲೇ ಸೇರಿಸಬೇಕು. ಇಲ್ಲವಾದರೆ ಇದನ್ನು ಕೇಳುತ್ತಿರುವ ಎಳೆಯ ತಾಯಂದಿರು ಬೆದರುವರು. ಅದೇ ಟ್ರಾನಿಕ್ಕರು ಆರೋಗ್ಯವಾಗಿರುವ ತಾಯಿಮಕ್ಕಳನ್ನೂ ಕ್ಷಣಕ್ಷಣವಾಗಿ ಗಮನಿಸಿ ನೋಡಿದರು. ಒಬ್ಬರ ಭಾವಕ್ಕೆ ಇನ್ನೊಬ್ಬರ ಭಾವ ಸರಿಹೊಂದಿದ್ದ ಹೊತ್ತು ನೂರಕ್ಕೆ ಸುಮಾರು ಮೂವತ್ತರಷ್ಟು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ತಿದ್ದಿಕೊಳ್ಳುವುದು, ಮತ್ತೆ ತಪ್ಪುವುದು. ಕೂಸು ಕಲಿಯುವುದು ಈ ತಿದ್ದುಪಡಿಯಿಂದಲೇ: ಕೂಡಿದ್ದು ಮುರಿಯುತ್ತದೆ, ಮುರಿದದ್ದು ಮತ್ತೆ ಕೂಡುತ್ತದೆ ಎಂಬ ಭರವಸೆ ಅದಕ್ಕೆ ಹೀಗೆ ಬರುತ್ತದೆ. ಹೊತ್ತುಹೊತ್ತಿಗೂ ನಗುತ್ತಲೇ ಇರುವ ತಾಯಿ ಯಾವ ಕೂಸಿಗೂ ಬೇಕಾಗಿಲ್ಲ; ಅಂಥವಳು ಚಿತ್ರಪಟದಲ್ಲಿ ಮಾತ್ರ ಸಿಕ್ಕುವಳು.

ಇನ್ನು ತಾಯಿಯ ವಿಷಯ. ನಮ್ಮ ಜನರಿಗೆ ಬಾಣಂತಿಯ ಮನಸ್ಸಿನ ಕಾಯಿಲೆ ತಿಳಿಯದೆ ಇರಲಿಲ್ಲ. 'ಬಾಣಂತಿ ಸನ್ನಿ' ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಉಂಟು. ಐರೋಪ್ಯ ವೈದ್ಯದಲ್ಲಿ ಗರ್ಭಿಣಿ ಬಾಣಂತಿಯರ ಮನೋರೋಗವನ್ನು ಕುರಿತ ಹೆಸರಾಂತ ಗ್ರಂಥವನ್ನು ಪ್ಯಾರಿಸಿನ ಲೂಯಿ ವಿಕ್ತೋರ್ ಮಾರ್ಸೆ ಎಂಬ ವೈದ್ಯರು 1858ರಲ್ಲಿ ಪ್ರಕಟಿಸಿದರು. ಆದರೆ ನಮ್ಮಲ್ಲಿ ಆ ಒಂದೇ ಮಾತಿನಿಂದ ಆದ ತೊಂದರೆಯೂ ಇದೆ. ಕಿರುಚಿದರೆ, ಬಟ್ಟೆಯ ಮೇಲೆ ಎಚ್ಚರ ತಪ್ಪಿದರೆ, ಮಗುವನ್ನು ತನ್ನದಲ್ಲವೆಂದರೆ, ಅದು ಸನ್ನಿ. ಸುಮ್ಮನೆ ಗೋಡೆ ನೋಡುತ್ತ ಕುಳಿತರೆ ಅದು ಸೋಮಾರಿತನ ಅಥವಾ ದೃಷ್ಟಿ. ನಡುವೆ ಇರುವುದಕ್ಕೆ ಹೆಸರಿಲ್ಲದ ಕಾರಣ ನಡುವೆ ಇರುವವರು ಕಾಣಿಸುವುದೇ ಇಲ್ಲ.

ವೈದ್ಯರು ಇದನ್ನು ಮೂರಾಗಿ ಬಿಡಿಸಿ ಹೇಳುವರು. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನದಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು, ಮನಸ್ಸು ಹಗುರಾಗಿ ಮರುಕ್ಷಣ ಭಾರವಾಗುವುದು ಅರ್ಧಕ್ಕೂ ಹೆಚ್ಚು ತಾಯಂದಿರಲ್ಲಿ ಉಂಟು. ಇದು ರೋಗವಲ್ಲ; ಹತ್ತು ಹದಿನೈದು ದಿನಗಳಲ್ಲಿ ತಾನಾಗಿ ಕಳೆಯುತ್ತದೆ. ಇನ್ನೊಂದು ತುದಿಯಲ್ಲಿರುವುದು ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವ ಈ ಚಿತ್ತವಿಕಾರ ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲೇ, ಬಿರುಗಾಳಿಯಂತೆ ಬರುತ್ತದೆ. ನಿದ್ದೆ ಹಾರುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ಕೂಸಿನ ವಿಷಯದಲ್ಲಿ ವಿಪರೀತ ನಂಬಿಕೆಗಳು ಹುಟ್ಟುತ್ತವೆ. ಇದರಲ್ಲಿ ತಾಯಿಯ ಜೀವಕ್ಕೂ ಕೂಸಿನ ಜೀವಕ್ಕೂ ಅಪಾಯವುಂಟು; ಬೆಂಕಿ ಬಿದ್ದ ಮನೆಗೆ ಓಡುವಂತೆ ಆಸ್ಪತ್ರೆಗೆ ಓಡತಕ್ಕದ್ದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಮಂದಿ ಪೂರ್ಣವಾಗಿ ಗುಣಹೊಂದುವರು. ಈ ಎರಡರ ನಡುವಣದು ಖಿನ್ನತೆ. ಅದು ಸದ್ದುಮಾಡುವುದಿಲ್ಲ. ಎರಡು ವಾರ ಕಳೆದರೂ ಮನಸ್ಸು ಬೆಳಗಾಗುವುದಿಲ್ಲ, ಹಸಿವು ಸಾಯುತ್ತದೆ, ಕೂಸು ಮಲಗಿದ್ದರೂ ತಾಯಿಗೆ ನಿದ್ದೆ ಬಾರದು, ಹಾಲೂಡಿಸುವುದೂ ಕೆಲಸವೆನಿಸಿ, ತಾನು ತಾಯಿಯಾಗಲು ಯೋಗ್ಯಳಲ್ಲವೆಂದು ಒಳಗೊಳಗೇ ಕೊರಗುತ್ತಾಳೆ. ಇದು ಹೆರಿಗೆಗೆ ಮೊದಲೇ ಆರಂಭವಾಗಿರಲೂಬಹುದು, ತಿಂಗಳುಗಳ ನಂತರ ಬರಲೂಬಹುದು.

ಇದು ಅಪರೂಪವೇ? 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಭಾರತದ 38 ಅಧ್ಯಯನಗಳನ್ನೂ ಇಪ್ಪತ್ತು ಸಾವಿರ ತಾಯಂದಿರನ್ನೂ ಒಟ್ಟುಗೂಡಿಸಿದ ಒಂದು ಲೆಕ್ಕ ಪ್ರಕಟವಾಯಿತು. ಅದರಂತೆ ನೂರರಲ್ಲಿ 22 ಮಂದಿಗೆ ಈ ಖಿನ್ನತೆ. ಐವರಲ್ಲಿ ಒಬ್ಬಳೆನ್ನೋಣ. ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣಗಳನ್ನು ಹುಡುಕಿತು. ಬಡತನ, ಗಂಡನ ಹೊಡೆತ, ಹಿಂದೆಯೇ ಇದ್ದ ಮನಸ್ಸಿನ ಬೇನೆ ಇವುಗಳ ಜೊತೆಗೆ ಹುಟ್ಟಿದ್ದು ಹೆಣ್ಣು ಕೂಸೆಂಬುದೂ ತಾಯಿಯ ಖಿನ್ನತೆಯ ಸಂಭವವನ್ನು ಹೆಚ್ಚಿಸಿತ್ತು. ಹೆಣ್ಣು ಹುಟ್ಟಿತೆಂಬ ಸಂಗತಿ ತಾನಾಗಿ ಯಾರ ಮೆದುಳನ್ನೂ ಕೆಡಿಸಲಾರದು. ಅದನ್ನು ಕೇಳಿದಾಗ ಮನೆಯವರ ಮುಖಗಳು ಹೇಗಾದುವು ಎಂಬುದೇ ಕೆಡಿಸುವುದು. ಕಲ್ಲಿನ ಮುಖದ ಪ್ರಯೋಗ ಆ ಮನೆಯಲ್ಲಿ ಕೂಸಿಗಿಂತ ಮೊದಲು ತಾಯಿಯ ಮೇಲೆಯೇ ನಡೆದಿರುತ್ತದೆ. ಟೇಕಲ್ಲಿನ ಮನೆಯಲ್ಲಿ ತವರಿನವರು ಒಳ್ಳೆಯವರು, ಯಾರೂ ಏನೂ ಆಡಿದವರಲ್ಲ. ಆದರೆ ಗಂಡನ ಮನೆಯಿಂದ ನಾಮಕರಣಕ್ಕೆ ಬಂದವರು ಮಧ್ಯಾಹ್ನದ ಊಟ ಮುಗಿಸಿ ಸಂಜೆಯ ರೈಲಿಗೆ ಕಾಯದೆ ಹೊರಟುಹೋಗಿದ್ದರಂತೆ. ಇದು ನಮಗೆ ಆಮೇಲೆ ತಿಳಿದದ್ದು.

ನಮ್ಮ ಬಾಣಂತನದ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಪಟ್ಟಣದ ವಿದ್ಯಾವಂತರಲ್ಲಿ ಇದನ್ನು ಕುರಿತು ಎರಡು ಪಂಗಡ. ಎಲ್ಲವೂ ಮೌಢ್ಯವೆನ್ನುವವರು ಒಬ್ಬರು, ಎಲ್ಲವೂ ವಿಜ್ಞಾನವೆನ್ನುವವರು ಇನ್ನೊಬ್ಬರು. ನಮಗೆ ಎರಡೂ ಸರಿದೋರಲಿಲ್ಲ. ತವರಿನಲ್ಲಿ ಮೂರೋ ಐದೋ ತಿಂಗಳು ಕೆಲಸವಿಲ್ಲದೆ ಇರುವುದು, ಹೊತ್ತಿಗೆ ಬಿಸಿ ಊಟ, ಎಣ್ಣೆನೀರು, ಕೂಸನ್ನು ಕಾಲ ಮೇಲೆ ಮಲಗಿಸಿ ಎರೆಯಲು ಅನುಭವಸ್ಥ ಕೈಗಳು: ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದು? ನಗರದ ಮೂರನೆಯ ಮಹಡಿಯಲ್ಲಿ ಒಬ್ಬಳೇ ಕೂಸಿನೊಡನೆ ಹಗಲು ಕಳೆಯುವ ತಾಯಿಯ ಪಾಡನ್ನು ಕಂಡವರು ಬಾಣಂತನವನ್ನು ಹಳಿಯಲಾರರು. ಆದರೆ ಅದೇ ಪದ್ಧತಿಯಲ್ಲಿ ಗಾಳಿಬೆಳಕಿಲ್ಲದ ಕೋಣೆಯೂ ಉಂಟು; ನೀರು ಕುಡಿಯಬೇಡ, ಓದಬೇಡ, ಹೊಸಿಲು ದಾಟಬೇಡ ಎಂಬ ಕಟ್ಟುಗಳೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲರೂ ಬಾಣಂತಿಯ ಮೈಯನ್ನು ನೋಡಿಕೊಳ್ಳುವರೇ ಹೊರತು ಅವಳ ಮನಸ್ಸನ್ನು ವಿಚಾರಿಸುವವರು ಅಲ್ಲಿ ಕಡಿಮೆ. ತಲೆಗೆ ಬಟ್ಟೆ ಕಟ್ಟಿದ್ದಾಳೆಯೆ, ಕಿವಿಗೆ ಹತ್ತಿ ಇಟ್ಟಿದ್ದಾಳೆಯೆ ಎಂದು ಕೇಳುವ ಹತ್ತು ಜನರಲ್ಲಿ ರಾತ್ರಿ ನಿದ್ದೆ ಬಂತೆ ಎಂದು ಕೇಳುವವರು ಒಬ್ಬರಿದ್ದರೆ ಹೆಚ್ಚು. ಸೇವೆ ದೊರೆಯುತ್ತಿರುವ ಕಾರಣದಿಂದಲೇ ಅವಳು ದೂರು ಹೇಳಲಾರಳು. "ಇಷ್ಟು ಮಾಡಿದರೂ ನಿನಗೇನು ಕಡಿಮೆ?" ಎಂಬ ಮಾತಿಗೆ ಅವಳಲ್ಲಿ ಉತ್ತರವಿಲ್ಲ, ಏಕೆಂದರೆ ಕಡಿಮೆ ಏನೆಂಬುದು ಅವಳಿಗೂ ತಿಳಿಯದು.

ಈ ಏರ್ಪಾಡಿನಲ್ಲಿ ತಂದೆಗೆ ಸ್ಥಳವೇ ಇಲ್ಲ. ಅವನು ಭಾನುವಾರದ ಅತಿಥಿ. ಹಣ್ಣಿನ ಚೀಲ ಹಿಡಿದು ಬರುತ್ತಾನೆ, ಕೂಸನ್ನು ಎತ್ತಿಕೊಳ್ಳಲು ಅಂಜುತ್ತಾನೆ, ಸಂಜೆ ಹೊರಡುತ್ತಾನೆ. ತಂದೆಗೂ ಮನಸ್ಸಿನ ಬೇನೆ ಬರುವುದೆಂದರೆ ಕೇಳಿದವರು ನಗಬಹುದು. ಆದರೆ 2010ರಲ್ಲಿ ಪ್ರಕಟವಾದ, ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿದ ಲೆಕ್ಕವೊಂದರಲ್ಲಿ ಹೆರಿಗೆಯ ಆಚೀಚೆ ಖಿನ್ನತೆಗೆ ಒಳಗಾದ ತಂದೆಯರು ಸುಮಾರು ಹತ್ತರಲ್ಲಿ ಒಬ್ಬರು. ತಾಯಿ ಖಿನ್ನಳಾಗಿದ್ದ ಮನೆಯಲ್ಲಿ ತಂದೆಗೂ ಅದು ಬರುವ ಸಂಭವ ಹೆಚ್ಚು. ಇಂಗ್ಲೆಂಡಿನಲ್ಲಿ ಪಾಲ್ ರಾಮ್‌ಚಂದಾನಿಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನ, ತಂದೆಯ ಖಿನ್ನತೆಯೂ ಮಕ್ಕಳ ಮೂರೂವರೆ ವರ್ಷದ ನಡವಳಿಕೆಯಲ್ಲಿ ಗುರುತು ಬಿಡುತ್ತದೆಂದು ತೋರಿಸಿತು. ನಮ್ಮ ಸ್ವಂತ ಮಾತನ್ನೇ ಹೇಳುವುದಾದರೆ, ನಮ್ಮ ಮೊದಲ ಮಗ ಹುಟ್ಟಿದಾಗ ನಾವು ಅವನ ತೂಕವನ್ನು ದಿನಚರಿಯಲ್ಲಿ ವಾರವಾರ ಬರೆದಿಟ್ಟೆವು. ಆ ದಿನಚರಿಯಲ್ಲಿ ಅವನ ತಾಯಿಯ ವಿಷಯವಾಗಿ ಒಂದು ವಾಕ್ಯವೂ ಇಲ್ಲ.

ತಾಯಿಯ ಖಿನ್ನತೆ ಕೂಸಿನ ಮೇಲೆ ಏನು ಮಾಡುತ್ತದೆ? ಮಯಾಮಿಯ ಟಿಫನಿ ಫೀಲ್ಡ್ ಎಂಬ ವಿದುಷಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನ ತಾಯಂದಿರ ಕೂಸುಗಳು, ತಮ್ಮ ತಾಯಿಯೊಡನೆ ಮಾತ್ರವಲ್ಲದೆ ನಗುನಗುತ್ತ ಬಂದ ಅಪರಿಚಿತರೊಡನೆಯೂ ಮಂಕಾಗಿಯೇ ಇದ್ದುವು. ಅಂದರೆ ಕೂಸು ಉತ್ತರ ಬಾರದಿರುವುದನ್ನೇ ಲೋಕದ ನಿಯಮವೆಂದು ಕಲಿತುಬಿಟ್ಟಿತ್ತು. ಟೇಕಲ್ಲಿನ ಕೂಸು ನಮ್ಮ ಮುಖವನ್ನು ನೋಡದಿದ್ದುದರ ಅರ್ಥ ಇದಿರಬಹುದೆಂದು ನಮಗೆ ಹೊಳೆಯಿತು. ಆದರೆ ಅದೇ ಪ್ರಯೋಗಶಾಲೆಯಿಂದ ಮುಂದೆ ಬಂದ ಸಂಗತಿ ಹೆಚ್ಚು ಬೆಲೆಯುಳ್ಳದ್ದು. ಖಿನ್ನನಲ್ಲದ ತಂದೆಯೋ ದಿನವೂ ನೋಡಿಕೊಳ್ಳುವ ಪರಿಚಿತ ಆಯಾಳೋ ಎದುರಿಗೆ ಬಂದಾಗ ಅಂಥದೇ ಕೂಸುಗಳು ಚೇತರಿಸಿಕೊಂಡು ಆಡಿದುವು. ಕೂಸಿಗೆ ಒಂದು ಮುಖ ಬೇಕು; ಅದು ಹೆತ್ತವಳ ಮುಖವೇ ಆಗಬೇಕೆಂಬ ಕಟ್ಟಿಲ್ಲ. ಅಜ್ಜಿಯಾಗಲಿ, ಸೋದರಮಾವನಾಗಲಿ, ಪಕ್ಕದ ಮನೆಯ ಹುಡುಗಿಯಾಗಲಿ, ದಿನವೂ ಬಂದು ಮುಖಕ್ಕೆ ಮುಖ ಕೊಟ್ಟು ಆಡಿಸುವವರು ಇದ್ದರೆ ತಾಯಿ ಗುಣವಾಗುವವರೆಗೆ ಕೂಸಿನ ಸಮಾಜ ಬಾಗಿಲು ಮುಚ್ಚುವುದಿಲ್ಲ. ತುಂಬಿದ ಮನೆಯ ಪ್ರಯೋಜನ ಇಲ್ಲಿದೆ. ದುಃಖದ ಸಂಗತಿಯೆಂದರೆ, ಅಳದ ಕೂಸನ್ನು ತುಂಬಿದ ಮನೆಯಲ್ಲೂ ಯಾರೂ ಎತ್ತಿಕೊಳ್ಳುವುದಿಲ್ಲ. ಅಳುವ ಕೂಸಿಗೆ ಹತ್ತು ಕೈ, ಸಾಧು ಕೂಸಿಗೆ ತೊಟ್ಟಿಲು.

ಹಾಗೆಂದಮಾತ್ರಕ್ಕೆ ಸುಮ್ಮನಿರುವ ಪ್ರತಿಯೊಂದು ಕೂಸಿನ ತಾಯಿಯೂ ಖಿನ್ನಳೆಂದು ತೀರ್ಮಾನಿಸತಕ್ಕದ್ದಲ್ಲ. ಕೂಸಿನ ಸ್ವಭಾವವೇ ಶಾಂತವಾಗಿರಬಹುದು. ಕಿವಿ ಕೇಳಿಸದಿರಬಹುದು, ದೃಷ್ಟಿ ಮಂದವಿರಬಹುದು, ಬೆಳವಣಿಗೆಯಲ್ಲಿ ಬೇರೆ ತೊಡಕಿರಬಹುದು. ಮೂರು ತಿಂಗಳಾದರೂ ಮುಖ ನೋಡಿ ನಗದ ಕೂಸನ್ನು ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಕೂಸನ್ನು ಕರೆದುಕೊಂಡು ಹೋದಾಗ ತಾಯಿಯನ್ನೂ ತೋರಿಸಬೇಕೆಂಬುದಷ್ಟೇ ನಮ್ಮ ವಾದ. ಬಾಣಂತಿಯಲ್ಲಿ ರಕ್ತಹೀನತೆಯಿದ್ದರೆ, ಥೈರಾಯ್ಡ್ ಗ್ರಂಥಿ ಕೆಟ್ಟಿದ್ದರೆ, ಅದೂ ಖಿನ್ನತೆಯಂತೆಯೇ ತೋರಬಹುದು. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ.

ಗುಣಪಡಿಸುವ ಬಗೆ ಹೇಗೆ? ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಎಂಬ ವೈದ್ಯರು ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಸ್ವಲ್ಪ ತರಬೇತು ಕೊಟ್ಟು, ಖಿನ್ನಳಾದ ತಾಯಿಯೊಡನೆ ಕುಳಿತು ಮಾತನಾಡುವ ಕ್ರಮವೊಂದನ್ನು ಕಲಿಸಿದರು. 2008ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಆರು ತಿಂಗಳಾದಾಗ, ಈ ಸಹಾಯ ದೊರೆತವರಲ್ಲಿ ನೂರಕ್ಕೆ 23 ಮಂದಿ ಖಿನ್ನರಾಗಿ ಉಳಿದಿದ್ದರು, ಕೇವಲ ಮಾಮೂಲು ಭೇಟಿ ದೊರೆತವರಲ್ಲಿ 53 ಮಂದಿ. ಮನೋವೈದ್ಯರೇ ಬರಬೇಕಾಗಲಿಲ್ಲ. ಆದರೆ ತಾಯಿ ಗುಣವಾದೊಡನೆ ಕೂಸು ತಾನಾಗಿ ಸರಿಹೋಗುವುದೆಂದೂ ನಂಬುವಂತಿಲ್ಲ. ಇಂಗ್ಲೆಂಡಿನಲ್ಲಿ ಲಿನ್ ಮರೇ ಮತ್ತು ಪೀಟರ್ ಕೂಪರ್ ಅವರು ತಾಯಿಗೆ ಮಾತ್ರ ಚಿಕಿತ್ಸೆ ಮಾಡಿ ನೋಡಿದಾಗ ಮಗುವಿನ ಮೇಲಣ ದೀರ್ಘಕಾಲದ ಪ್ರಯೋಜನ ಅಲ್ಪವೇ ಆಗಿತ್ತು. ಅದೇ ವಿದ್ವಾಂಸರು ದಕ್ಷಿಣ ಆಫ್ರಿಕದ ಖಾಯೆಲಿತ್ಶ ಎಂಬ ಬಡವರ ಬಡಾವಣೆಯಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿನ ಸಾಮಾನ್ಯ ಹೆಂಗಸರೇ ಬಾಣಂತಿಯ ಮನೆಗೆ ಹೋಗಿ, ಕೂಸು ಏನು ಬಲ್ಲದು, ಅದು ಹೇಗೆ ನೋಡುತ್ತದೆ, ಹೇಗೆ ಕೇಳುತ್ತದೆ ಎಂಬುದನ್ನು ತಾಯಿಗೆ ಅವಳ ಕೂಸಿನಲ್ಲೇ ತೋರಿಸಿಕೊಟ್ಟರು. 2009ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಒಂದೂವರೆ ವರ್ಷಕ್ಕೆ ತಾಯಿಯಲ್ಲಿ ಭದ್ರವಾದ ನಂಬಿಕೆಯಿದ್ದ ಮಕ್ಕಳು ನೂರಕ್ಕೆ 74; ಭೇಟಿಯಿಲ್ಲದ ಮನೆಗಳಲ್ಲಿ 63. ತಾಯಿಯ ಮನಸ್ಸು, ತಾಯಿಮಕ್ಕಳ ಆಟ, ಎರಡನ್ನೂ ಒಟ್ಟಿಗೆ ಹಿಡಿಯಬೇಕೆಂಬುದು ಇದರಿಂದ ನಮಗೆ ತೋರುವ ಪಾಠ.

ಇಷ್ಟಕ್ಕೆ ಮೀರಿದ ಕಾಯಿಲೆಗೆ ಔಷಧ ಬೇಕು. ಹಾಲೂಡುವಾಗ ಔಷಧ ಕೂಡದೆಂಬುದು ಸಾಮಾನ್ಯ ನಂಬಿಕೆ. ಆದರೆ ಹಾಲೂಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳು ಇವೆ, ವೈದ್ಯರು ನೋಡಿ ಕೊಡುವರು. ಸನ್ನಿಯಂಥ ಉಗ್ರ ರೋಗದಲ್ಲಿ ತಾಯಿಯನ್ನು ಆಸ್ಪತ್ರೆಗೆ ಸೇರಿಸಲೇಬೇಕು. ಬಹಳ ಕಾಲ ಹೀಗೆ ಸೇರಿಸುವುದೆಂದರೆ ಕೂಸನ್ನು ಅಗಲಿಸುವುದೆಂದೇ ಆಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪ್ರಭಾ ಚಂದ್ರ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಐದು ಹಾಸಿಗೆಗಳ ತಾಯಿಮಗುವಿನ ವಿಭಾಗವೊಂದನ್ನು ತೆರೆದು ಈ ಅಗಲಿಕೆಯನ್ನು ತಪ್ಪಿಸಿದರು. ಪಾಶ್ಚಾತ್ಯ ದೇಶಗಳ ಇಂಥ ವಿಭಾಗಗಳಲ್ಲಿ ತಾಯಿಗೂ ಕೂಸಿಗೂ ದಾದಿಯರೇ ಆಧಾರ. ಇಲ್ಲಿ ಅದನ್ನು ನಮ್ಮ ಪದ್ಧತಿಗೆ ಹೊಂದಿಸಿ ಮನೆಯ ಹೆಂಗಸೊಬ್ಬರು, ಬಹುಶಃ ತಾಯಿಯ ತಾಯಿ, ಜೊತೆಯಲ್ಲೇ ಇರುವಂತೆ ಏರ್ಪಾಡು ಮಾಡಿದರು. ಬಾಣಂತನವೇ ಆಸ್ಪತ್ರೆಗೆ ಬಂದಂತೆ. ವೈದ್ಯರು ರೋಗವನ್ನು ನೋಡಿಕೊಳ್ಳುವರು. ಕೂಸನ್ನು ಹೇಗೆ ಆಡಿಸಬೇಕು, ಹೇಗೆ ಮಾತನಾಡಿಸಬೇಕು ಎಂಬುದನ್ನು ತಾಯಿಗೂ ಅಜ್ಜಿಗೂ ಅಲ್ಲೇ ಅಭ್ಯಾಸ ಮಾಡಿಸುವರು.

ಟೇಕಲ್ಲಿನಂಥ ಊರಿಗೆ ಇದೆಲ್ಲ ತಲಪುವುದು ಹೇಗೆಂದು ಕೇಳಬಹುದು. ತಲಪಿಸುವ ಕಾಲುಗಳು ಆಗಲೇ ಇವೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಬಾಣಂತಿಯ ಮನೆಗೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆರು ಬಾರಿ ಹೋಗಬೇಕೆಂಬ ನಿಯಮವಿದೆ. ಅವಳ ಚೀಲದಲ್ಲಿ ಕೂಸನ್ನು ತೂಗುವ ತಕ್ಕಡಿಯಿದೆ, ಜ್ವರ ನೋಡುವ ಕೊಳವೆಯಿದೆ. ತಾಯಿಯ ಮನಸ್ಸನ್ನು ತೂಗಲು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಎಡಿನ್‌ಬರೋದ ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ಸಿದ್ಧಪಡಿಸಿದರು. ಅದು ಕನ್ನಡಕ್ಕೂ ಬಂದು ನಮ್ಮ ಹಳ್ಳಿಗಳಲ್ಲಿ ಪ್ರಯೋಗವಾಗಿದೆ. ಕಳೆದ ಏಳು ದಿನಗಳಲ್ಲಿ ನಗಲು ಆಯಿತೆ, ವಿನಾಕಾರಣ ನಿಮ್ಮನ್ನೇ ನೀವು ಬೈದುಕೊಂಡಿರಾ, ಅಳು ಬಂತೆ ಎಂಬಂಥ ಸರಳ ಪ್ರಶ್ನೆಗಳು. ಹತ್ತನೆಯದು ಪ್ರಾಣಕ್ಕೆ ಕೇಡು ಮಾಡಿಕೊಳ್ಳುವ ಯೋಚನೆ ಬಂತೆ ಎಂಬುದು. ಇದಕ್ಕೆ ಹೌದೆಂಬ ಉತ್ತರ ಬಂದರೆ ಉಳಿದ ಒಂಬತ್ತನ್ನು ಲೆಕ್ಕಹಾಕುತ್ತ ಕುಳಿತುಕೊಳ್ಳದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಐದು ನಿಮಿಷದ ಕೆಲಸ. ಆದರೆ ಅತ್ತೆ ಎದುರಿಗೆ ಕುಳಿತಿರುವಾಗ ಕೇಳಿದರೆ ಹತ್ತಕ್ಕೂ ಒಂದೇ ಉತ್ತರ ಬರುವುದು: "ಚೆನ್ನಾಗಿದ್ದೀನಿ." ಕೋಲಾರದ ಕಡೆಯ ಎಷ್ಟೋ ಮನೆಗಳಲ್ಲಿ ಒಳಮಾತು ತೆಲುಗು, ಮನಸ್ಸಿನ ಮಾತನ್ನು ಮನೆಮಾತಿನಲ್ಲೇ ಕೇಳಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರು ಬರುವಂತೆ ಕರ್ನಾಟಕ ಸರ್ಕಾರ 'ಮನೋಚೈತನ್ಯ'ವೆಂಬ ಏರ್ಪಾಡನ್ನು ಆರಂಭಿಸಿತು. 2022ರ ಅಕ್ಟೋಬರಿನಿಂದ 'ಟೆಲಿ ಮಾನಸ್' ಎಂಬ ಹೆಸರಿನಲ್ಲಿ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ, ಕನ್ನಡದಲ್ಲೇ, ಹಣವಿಲ್ಲದೆ, ಸಲಹೆ ಪಡೆಯುವ ಅನುಕೂಲವೂ ಆಗಿದೆ.

ಶ್ರೋತೃಗಳು ಆ ಕೂಸಿನ ಕಥೆ ಏನಾಯಿತೆಂದು ಕೇಳದೆ ಬಿಡರು. ನಮ್ಮ ಮನೆಯವರು ಮರುವಾರವೇ ಒಬ್ಬರೇ ಟೇಕಲ್ಲಿಗೆ ಹೋಗಿ ಎರಡು ದಿನ ಇದ್ದರು. ಮೊದಲ ದಿನ ಏನನ್ನೂ ಕೇಳಲಿಲ್ಲವಂತೆ. ರಾತ್ರಿ ಬಾಣಂತಿಯ ಕೋಣೆಯಲ್ಲೇ ಮಲಗಿದರು. ಬೆಳಗಿನ ಜಾವ ಮೂರು ಗಂಟೆಗೆ ಆ ಹುಡುಗಿ ತಾನಾಗಿ ಮಾತು ತೆಗೆದಳು. "ಅಕ್ಕ, ಇವಳನ್ನು ನೋಡಿದರೆ ನನಗೆ ಏನೂ ಆಗುವುದಿಲ್ಲ. ಬೇರೆಯವರ ಕೂಸನ್ನು ಹಿಡಿದುಕೊಂಡ ಹಾಗಿದೆ. ಯಾರಿಗೆ ಹೇಳಲಿ?" ಎಂದಳಂತೆ. ಇದನ್ನು ಹೇಳಲು ಅವಳಿಗೆ ಮೂರು ತಿಂಗಳು ಬೇಕಾಗಿತ್ತು. ದೊಡ್ಡಮ್ಮನವರು ಮೊದಲು ಒಪ್ಪಲಿಲ್ಲ. ಮೊದಲು ದೃಷ್ಟಿ ತೆಗೆಸಿದರು, ಮುನೇಶ್ವರನಿಗೆ ಹರಕೆ ಕಟ್ಟಿದರು. ಅದನ್ನೂ ಮಾಡಲಿ ಎಂದು ಸುಮ್ಮನಿದ್ದು, ಆಮೇಲೆ ಬೆಂಗಳೂರಿನ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆವು. ಔಷಧ ಕೊಟ್ಟರು. ಜೊತೆಗೆ ಗಂಡನನ್ನು ಕರೆಸಿ, ವಾರಕ್ಕೆ ಮೂರು ದಿನವಾದರೂ ಕೆಲಸ ಮುಗಿಸಿ ಸಂಜೆಯ ರೈಲಿಗೆ ಟೇಕಲ್ಲಿಗೆ ಹೋಗಿ ರಾತ್ರಿ ಕೂಸನ್ನು ನೋಡಿಕೊಳ್ಳಬೇಕು, ತಾಯಿಗೆ ಐದು ಗಂಟೆಯಾದರೂ ಬಿಡದೆ ನಿದ್ದೆ ಸಿಕ್ಕಬೇಕು ಎಂದು ಕಟ್ಟುಮಾಡಿದರು. ಆ ಹುಡುಗ ಹಾಗೆಯೇ ಮಾಡಿದ. ಅವನ ಮನೆಯವರು ಇದನ್ನು ಕುರಿತು ಆಡಿದ ಮಾತುಗಳನ್ನು ಇಲ್ಲಿ ಹೇಳಬೇಕಾಗಿಲ್ಲ.

ಆರನೆಯ ತಿಂಗಳ ಕೊನೆಯಲ್ಲಿ ನಾವು ಮತ್ತೆ ಹೋದೆವು. ಬಾಣಂತಿ ಹಜಾರದಲ್ಲಿ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದಳು. ಇನ್ನೂ ಬಡಕಲಾಗಿದ್ದಳು, ಔಷಧವೂ ನಡೆಯುತ್ತಿತ್ತು. ಕೂಸು ಚಾಪೆಯ ಮೇಲೆ ಬೋರಲು ಬಿದ್ದು, ಅವಳ ಕೈಯಿಂದ ಬುಟ್ಟಿಗೂ ಬುಟ್ಟಿಯಿಂದ ಮುಖಕ್ಕೂ ಕಣ್ಣೋಡಿಸುತ್ತಿತ್ತು. ನಾವು ಎತ್ತಿಕೊಳ್ಳಲು ಕೈ ಚಾಚಿದೆವು. ಅದು ನಮ್ಮ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ತಾಯಿಯ ಕಡೆ ತಿರುಗಿ, ಊರೇ ಕೇಳುವಂತೆ ಕಿರುಚಿ ಅತ್ತಿತು. "ಈಗ ಹೀಗೇ ಅಳಿಯಂದಿರೇ, ಯಾರ ಹತ್ತಿರವೂ ಬಾರದು, ರಾತ್ರಿಯೆಲ್ಲ ಗೋಳು" ಎಂದು ದೊಡ್ಡಮ್ಮನವರು ದೂರಿದರು.